ಮೀಸೆಯ ಹೆಸರಿನ ಸೀಸೆ

ಫೆಬ್ರವರಿ 11

ಪ್ರೀತಿಯ ಸಿಡುಕಿಗೆ,

ನಿಮ್ಮಣ್ಣ ಇಟ್ಟ ಈ ಹೆಸರು ನನ್ನ ಬಾಯಿಗೂ ಹತ್ತಿಬಿಟ್ಟಿದೆ, ಬೇಜಾರು ಮಾಡಿಕೊಳ್ಳಬೇಡ. ನಾವು ಕ್ಷೇಮ. ಲಾಯದಲ್ಲಿ ಇದು ಕುದುರೆಗಳು ಮರಿ ಹಾಕುವ ಕಾಲ. ಕುದುರೆ ಡಾಕ್ಟರ ಕೆಲಸ ಅಂದ ಮೇಲೆ ನಿಮ್ಮಣ್ಣನಿಗೆ ಕೂತು ಉಣ್ಣುವುದಕ್ಕೂ ಪುರಸೊತ್ತಿಲ್ಲ. ಹೊಲಿಗೆ ಬಿಟ್ಟ ಜೀನುಗಳು ನನ್ನ ಮುಂದೆಯೂ ಗುಡ್ಡೆ ಬಿದ್ದಿವೆ. ಹೊಲಿಯಲು ಕೂರುತ್ತೇನೆ, ದಾರಕ್ಕೆ ಮೇಣ ಹಚ್ಚುವಷ್ಟರಲ್ಲಿ ಏಳುತ್ತೇನೆ. ಯಾಕೋ ಈಚೆಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಿನ್ನಿಂದ ಒಂದು ಉಪಕಾರ ಆಗಬೇಕು. ಮೀಸೆ ನೆನಪಿದ್ದಾನಲ್ಲ? ನೀನು ಇಲ್ಲಿಗೆ ಬಂದಾಗ ನಿನ್ನನ್ನು ಕಂದು ಕುದುರೆಯ ಮೇಲೆ ಹತ್ತಿಸಿ, ನೀನು ಕಿರುಚಿದ್ದಕ್ಕೆ ಕುದುರೆಗಿಂತ ಮೊದಲು ತಾನೇ ಬೆಚ್ಚಿದವನು. ಕುದುರೆಗಳ ಮೈ ತಿಕ್ಕುವುದು, ಮೇವು ಹಾಕುವುದು, ನಿಮ್ಮಣ್ಣ ಸೂಜಿ ಚುಚ್ಚುವಾಗ ಕುದುರೆಯ ಮೂತಿ ಹಿಡಿದು ಸಮಾಧಾನ ಹೇಳುವುದು ಎಲ್ಲ ಅವನೇ. ಅವನಿಗೆ ಈಚೆಗೆ ಮೈ ಸರಿಯಿಲ್ಲ. ಬಾಯಿ ತುಂಬ ಹುಣ್ಣು. ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತದೆ. ಬಾಗಿಲು ತಗುಲಿದರೂ ಸಾಕು, ತೋಳ ಮೇಲೆ ನೀಲಿ ಕಲೆ ಏಳುತ್ತದೆ. ಹಿಂದೊಮ್ಮೆ ಒಂದು ಕುದುರೆ ಅವನನ್ನು ಗೋಡೆಗೆ ಒತ್ತಿ ಸೊಂಟ ಜಜ್ಜಿತ್ತು. ಆ ನೋವಿಗೆ ಏನನ್ನೋ ನುಂಗುತ್ತಿದ್ದಾನೆ ಅನ್ನುವುದು ನನ್ನ ಗುಮಾನಿ. ಏನೆಂದು ಕೇಳಿದರೆ ನಗುತ್ತಾನೆ.

ಡಾಕ್ಟರ ಹತ್ತಿರ ಹೋಗಲು ಒಪ್ಪುವುದಿಲ್ಲ. ಕೈಲಾಗದವನು ಎಂದು ತಿಳಿದರೆ ಮ್ಯಾನೇಜರ್ ಮನೆಗೆ ಕಳಿಸುತ್ತಾರೆ ಎಂಬ ಭಯ. ಹಾಗಾಗಿ ಅವನ ಮೂತ್ರವನ್ನು ಒಂದು ಸೀಸೆಯಲ್ಲಿ ಹಿಡಿದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಕುದುರೆ ಸಾಗಿಸುವ ಲಾರಿಯ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕುದುರೆಯದು ಎಂದು ಅವನಿಗೆ ಹೇಳಿದ್ದೇನೆ. ನಿನ್ನ ಲ್ಯಾಬಿನಲ್ಲಿ ಯಾರಿಗೂ ತಿಳಿಯದ ಹಾಗೆ ನೋಡಿ ಹೇಳು. ಸೀಸೆಯ ಮೇಲೆ ‘ಮೀಸೆ’ ಎಂದು ಬರೆದಿದ್ದೇನೆ.

ಫೋನ್ ಮಾತ್ರ ಮಾಡಬೇಡ. ಫೋನಿರುವುದು ಆಫೀಸಿನಲ್ಲಿ, ಮ್ಯಾನೇಜರ ಮೇಜಿನ ಮೇಲೆ. ನಿಮ್ಮಣ್ಣನಿಗೂ ಬರೆಯಬೇಡ. ಅವರಿಗೆ ಇರುವ ತಲೆನೋವೇ ಸಾಕು.

ನಿನ್ನ ಅತ್ತಿಗೆ

•

ಫೆಬ್ರವರಿ 19

ಅತ್ತಿಗೆ,

ನಮಸ್ಕಾರ. ಡ್ರೈವರ್ ಡಬ್ಬಿ ಕೊಡುತ್ತಾ, “ಕುದುರೆ ಗಂಡೋ ಹೆಣ್ಣೋ ಅಂತಾನೂ ಹೇಳ್ತೀರಾ?” ಎಂದು ಕೇಳಿದ. ನಗು ತಡೆದುಕೊಂಡೆ. ಆ ನಗು ಈಗಿಲ್ಲ.

ನಮ್ಮ ಆಸ್ಪತ್ರೆಯ ಲ್ಯಾಬಿಗೆ ಬರುವವರು ಸಾಮಾನ್ಯವಾಗಿ ನಿದ್ರೆ ಮಾತ್ರೆ ನುಂಗಿದವರು, ಹುಳಕ್ಕೆ ಹೊಡೆಯುವ ಔಷಧಿ ಕುಡಿದವರು. ಯಂತ್ರ ಸ್ಯಾಂಪಲಿನಲ್ಲಿರುವುದನ್ನೆಲ್ಲ ಒಂದೊಂದಾಗಿ ಬೇರ್ಪಡಿಸಿ, ಒಂದೊಂದಕ್ಕೂ ಕಾಗದದ ಮೇಲೆ ಗೋಪುರದಂಥ ಗೆರೆ ಎಳೆಯುತ್ತದೆ. ಯಾವ ಗೋಪುರ ಯಾವ ಔಷಧಿಯದು ಎಂದು ತನ್ನ ನೆನಪಿನಿಂದ ಹೇಳುತ್ತದೆ. ಮೀಸೆಯ ಸ್ಯಾಂಪಲಿನಲ್ಲಿ ಒಂದು ದೊಡ್ಡ ಗೋಪುರ ಎದ್ದಿತು, ಯಂತ್ರ ಗೊತ್ತಿಲ್ಲ ಎಂದುಬಿಟ್ಟಿತು. ಎರಡನೇ ಸಲ ಹಾಕಿದರೂ ಅದೇ ಉತ್ತರ. ಅದರ ನೆನಪಿನಲ್ಲಿರುವುದು ಈಗಿನ ಮನುಷ್ಯರ ಔಷಧಿಗಳು, ಹುಳದ ಔಷಧಿಗಳು ಮಾತ್ರ, ಕುದುರೆಯವು ಇಲ್ಲ ಎಂದು ತಡವಾಗಿ ಹೊಳೆಯಿತು. ಓಟದ ಕುದುರೆಗಳ ಮೂತ್ರ ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಜೊತೆ ಓದಿದವಳೊಬ್ಬಳಿದ್ದಾಳೆ. ಅವಳಿಂದ ಕುದುರೆಯ ನೋವಿಗೆ ಕೊಡುವ ಔಷಧಿಯ ಶುದ್ಧ ಪುಡಿ ಒಂದು ಚಿಟಿಕೆ ತರಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ಗೋಪುರದ ಮೇಲೆ ಗೋಪುರ ಅಚ್ಚಾಗಿ ಕೂತಿತು.

ಅದು ಫಿನೈಲ್‌ಬ್ಯುಟಜೋನ್. ಕುಂಟುವ ಕುದುರೆಗೆ ಮೇವಿನಲ್ಲಿ ಬೆರೆಸಿ ಕೊಡುತ್ತಾರಲ್ಲ, ನಿಮ್ಮಲ್ಲಿ ನೋವಿನ ಪುಡಿ ಅನ್ನುತ್ತೀರಲ್ಲ, ಅದೇ. ಕೈಗೆ ಮೆತ್ತಿದ ಪುಡಿ ಸೀಸೆಗೆ ಉದುರಿರಬಹುದೇ ಎಂದೂ ಯೋಚಿಸಿದೆ. ಇಲ್ಲ. ಮೈಯೊಳಗೆ ಹೋದ ಮೇಲೆ ಆ ಔಷಧಿ ರೂಪ ಬದಲಿಸುತ್ತದೆ. ಆ ಬದಲಾದ ರೂಪವೂ ಸ್ಯಾಂಪಲಿನಲ್ಲಿ ಧಾರಾಳವಾಗಿದೆ. ಮನುಷ್ಯರ ಮಾತ್ರೆಗಳ ಸಣ್ಣಪುಟ್ಟ ಗೆರೆಗಳೂ ಇದ್ದವು, ಅವುಗಳ ಗೊಡವೆಗೆ ಹೋಗಲಿಲ್ಲ. ಮೀಸೆ ಅದನ್ನು ನುಂಗುತ್ತಿದ್ದಾನೆ, ಇಂದು ನಿನ್ನೆಯಿಂದಲ್ಲ.

ಒಂದು ಕಾಲದಲ್ಲಿ ಮನುಷ್ಯರಿಗೂ ಇದನ್ನು ಕೊಡುತ್ತಿದ್ದರು. ಕೆಲವರಲ್ಲಿ ಇದು ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಒಣಗಿಸುತ್ತದೆ ಎಂದು ತಿಳಿದ ಮೇಲೆ ಬಿಟ್ಟರು. ಬಿಳಿ ರಕ್ತಕಣ ಇಲ್ಲದವನಿಗೆ ಗಂಟಲು ನೋವೂ ಸಾವಿನ ಬಾಗಿಲು. ಬಾಯಿಹುಣ್ಣು, ಜ್ವರ, ನೀಲಿ ಕಲೆ ಎಂದು ನೀವು ಬರೆದದ್ದೆಲ್ಲ ಅದರ ಗುರುತುಗಳು. ಪುಡಿ ಇವತ್ತೇ ನಿಲ್ಲಬೇಕು. ರಕ್ತ ಪರೀಕ್ಷೆಯನ್ನು ನಾಳೆಗೆ ಹಾಕಬೇಡಿ.

ಇನ್ನೊಂದು ಮಾತು. ಅವನಿಗೆ ಅದು ಸಿಕ್ಕಿದ್ದು ಎಲ್ಲಿಂದ? ಔಷಧಿ ಕಪಾಟಿನ ಬೀಗದ ಕೈ ಅಣ್ಣನ ಸೊಂಟದಲ್ಲಿರುತ್ತದೆ. ಅಣ್ಣ ಇಷ್ಟು ಉಡಾಫೆ ಯಾವಾಗ ಆದ?

ಸಿಡುಕಿ

•

ಫೆಬ್ರವರಿ 26

ಸಿಡುಕಿ,

ನಿನ್ನ ಕಾಗದ ಬಂತು. ಮೀಸೆಗೆ ಹೇಳಿದೆ. ಬಿಟ್ಟಿದ್ದೇನೆ ಅನ್ನುತ್ತಾನೆ. ಬಿಟ್ಟ ಮೇಲೆ ಸೊಂಟ ಹಿಡಿದುಕೊಂಡು ಗೋಡೆಗೋಡೆ ಆತು ನಡೆಯುತ್ತಿದ್ದಾನೆ. ನೋಡುವುದಕ್ಕಾಗುವುದಿಲ್ಲ. ರಕ್ತ ಪರೀಕ್ಷೆಗೆ ಮರಿ ಹಾಕುವ ಕಾಲ ಮುಗಿಯಲಿ ಅಂದ. ಅವನ ಹಟ ನಿನಗೆ ಗೊತ್ತಿಲ್ಲ. ಗಂಟೆಗಟ್ಟಲೆ ವಾದ ಮಾಡಿದೆ. ಕೊನೆಗೆ, “ಕುದುರೆಗೆ ಆಗಿಬಂದದ್ದು ನನಗೆ ಆಗಲ್ವಾ? ಅದರ ಹತ್ತರಲ್ಲಿ ಒಂದು ಪಾಲೂ ನಾನು ತಗೊಳ್ಳಲ್ಲ” ಎಂದು ತಮಾಷೆ ಮಾಡಿದ.

ನೀನು ಕಪಾಟಿನ ಮಾತೆತ್ತಿದ್ದು ನನಗೆ ಚುಚ್ಚಿತು. ನಿಜ ಹೇಳು, ನಿನಗೆ ಯಾರ ಮೇಲೆ ಅನುಮಾನ? ಏನಾದರೂ ಗೊತ್ತಾಗಿದ್ದರೆ ಬಾಯಿಬಿಟ್ಟು ಬರಿ. ಹೀಗೆ ಸುತ್ತಿ ಬಳಸಿ ಕೇಳಬೇಡ. ನಿಮ್ಮಣ್ಣ ಉಡಾಫೆಯವರಲ್ಲ. ಮೊನ್ನೆ ಮರಿ ಅಡ್ಡ ಸಿಕ್ಕಿಕೊಂಡಾಗ ಹುಲ್ಲಿನ ಮೇಲೆ ಮಲಗಿ, ಭುಜದವರೆಗೂ ಕೈ ಹಾಕಿ ಹೊರಗೆ ತಂದರು. ತಾಯಿಯೂ ಬದುಕಿತು, ಮರಿಯೂ ಬದುಕಿತು. ಆಮೇಲೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಬಹಳ ಸುಸ್ತಾಗಿದ್ದರು, ಅದಕ್ಕೆ.

ಅತ್ತಿಗೆ

•

ಮಾರ್ಚ್ 4

ಅತ್ತಿಗೆ,

ನಿಮ್ಮ ಕಾಗದ ಓದಿದೆ. ಮರಿ ಹಾಕುವ ಕಾಲ ಮುಗಿಯುವವರೆಗೆ ಅವನ ರಕ್ತ ಕಾಯುವುದಿಲ್ಲ. ಹೋದ ವರ್ಷ ಇಲ್ಲೊಬ್ಬ ಹಾಲಿನ ವ್ಯಾನಿನವನು ಇಂಥದ್ದೇ ಗುರುತುಗಳೊಡನೆ ಬಂದಿದ್ದ. ಮಾತಾಡುತ್ತಾ ಬಂದವನು, ವಾರ ಕಳೆಯುವುದರೊಳಗೆ ಹೋದ. ಅವನ ಮೈಯಲ್ಲಿ ಏನಿತ್ತೆಂದು ನಾವು ಕಂಡುಹಿಡಿಯುವಷ್ಟರಲ್ಲಿ ಅವನ ಹೆಂಡತಿ ಚಾಪೆ ಮಡಚಿಕೊಂಡು ವಾರ್ಡಿನಿಂದ ಹೊರಟಾಗಿತ್ತು. ಆ ಬೆನ್ನು ಇನ್ನೂ ಕಣ್ಣ ಮುಂದಿದೆ.

ಅಣ್ಣನ ಮೇಲೆ ನನಗೇನೂ ಅನುಮಾನವಿಲ್ಲ. ಅವನು ಆಳುಗಳ ಮುಖ ನೋಡಿ ಕರಗಿ ಪುಡಿ ಕೊಟ್ಟುಬಿಡುವ ಜಾತಿ, ಅಷ್ಟೇ ನಾನು ಅಂದುಕೊಂಡದ್ದು. ಆದರೆ ನೀವು ಮೀಸೆಯನ್ನು ಇಷ್ಟು ಮುಚ್ಚಿಡುವುದು ಯಾಕೆಂದು ತಿಳಿಯುತ್ತಿಲ್ಲ. ನಿಮ್ಮ ಮಾತು ಮೀರಿದ್ದೇನೆ, ಕ್ಷಮಿಸಿ. ನಿಮ್ಮ ಮ್ಯಾನೇಜರಿಗೆ ನೇರವಾಗಿ ಬರೆದಿದ್ದೇನೆ. ಮೀಸೆ ಕುದುರೆಯ ನೋವಿನ ಪುಡಿ ನುಂಗುತ್ತಿದ್ದಾನೆ, ಅವನನ್ನು ಕೆಲಸದಿಂದ ಬಿಡಿಸಿ, ಕೂಡಲೇ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ನೋಡಿಸಿ, ಫಲಿತಾಂಶ ನನಗೆ ತಿಳಿಸಿ ಎಂದು. ಅವನು ನನ್ನನ್ನು ಶಪಿಸಲಿ, ಬದುಕಿಕೊಂಡು ಶಪಿಸಲಿ.

ಸಿಡುಕಿ

•

ಮಾರ್ಚ್ 9

ಯಾಕೆ ಹೀಗೆ ಮಾಡಿದೆ?

ಇವತ್ತು ಬೆಳಗ್ಗೆ ಎಲ್ಲರೂ ನೋಡುತ್ತಿದ್ದ ಹಾಗೇ ಮ್ಯಾನೇಜರ್ ಮೀಸೆಯನ್ನು ಅಂಗಳಕ್ಕೆ ಕರೆಸಿದರು. ಕದ್ದ ಪುಡಿ ಎಲ್ಲಿ ಎಂದು ಕೇಳಿದರು. ಅವನಿಗೆ ಏನೂ ಅರ್ಥವಾಗಲಿಲ್ಲ. ಹುಲ್ಲು ಕೆದರುವ ಕವಲುಕೋಲನ್ನು ಹಿಡಿದುಕೊಂಡೇ ನಿಂತಿದ್ದ. ಅವನ ಟ್ರಂಕು ತೆರೆಸಿದರು. ಏನೂ ಸಿಗಲಿಲ್ಲ. ಆದರೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಹಾಗೇ ಮನೆಗೆ ಹೋಗು ಅಂದರಂತೆ.

ಹೋಗುವಾಗ ನನ್ನ ಕಡೆ ನೋಡಿದ. ನಾನು ಜೀನು ಹೊಲಿಯುತ್ತಿದ್ದೆ.

ನಿಮ್ಮಣ್ಣನಿಗೆ ಗಂಟಲು ನೋವು. ಬೇರೆ ಬರೆಯಲು ಏನೂ ಇಲ್ಲ.

•

ಮಾರ್ಚ್ 20

ಅತ್ತಿಗೆ,

ಆಸ್ಪತ್ರೆಯಿಂದ ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಎರಡು ದಿನ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ನೀವು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಿರಿ, ಲೋಟ ವಾಪಸು ತೆಗೆದುಕೊಂಡಿರಿ, ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ.

ನಿಮ್ಮ ಮಾರ್ಚ್ ಒಂಬತ್ತರ ಕಾಗದ ಇನ್ನೂ ದಾರಿಯಲ್ಲಿದ್ದಾಗಲೇ ಪಟ್ಟಣದ ಡಾಕ್ಟರು ಫೋನ್ ಮಾಡಿದರು. “ನೀವು ಕಳಿಸಿದ ರೋಗಿ ಗುಂಡುಕಲ್ಲಿನ ಹಾಗಿದ್ದಾನೆ, ನಮಗಿಂತ ಆರೋಗ್ಯವಾಗಿ” ಎಂದು ನಕ್ಕರು. ಬಿಳಿ ರಕ್ತಕಣ ಎಷ್ಟಿರಬೇಕೋ ಅಷ್ಟಿದೆ, ಬಾಯಲ್ಲಿ ಒಂದು ಹುಣ್ಣೂ ಇಲ್ಲ. ಅವರು ಕಳಿಸಿದ ಅವನ ಹೊಸ ಮೂತ್ರದ ಸ್ಯಾಂಪಲನ್ನು ಮರುದಿನ ಯಂತ್ರಕ್ಕೆ ಹಾಕಿದೆ. ಕುದುರೆಯ ಪುಡಿಯ ನೆರಳೂ ಇರಲಿಲ್ಲ. ಬಿಟ್ಟು ಇಷ್ಟೇ ದಿನವಾಗಿರುವಾಗ ಅಷ್ಟು ಚೊಕ್ಕಟವಾಗುವುದು ಸಾಧ್ಯವೇ ಇಲ್ಲ. ಮೊದಲು ನನ್ನ ಮೇಲೇ ಸಿಟ್ಟು ಬಂತು, ಸ್ಯಾಂಪಲ್ ಅದಲುಬದಲು ಮಾಡಿದೆನೇನೋ ಎಂದು. ನಿಮ್ಮ ಸೀಸೆಯ ಹಳೆಯ ಕಾಗದವನ್ನು ತೆಗೆದು, ಹಿಂದೆ ಗೊಡವೆ ಬೇಡವೆಂದು ಬಿಟ್ಟಿದ್ದ ಸಣ್ಣ ಗೆರೆಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಅದರಲ್ಲೊಂದು ಫಿಟ್ಸ್ ಮಾತ್ರೆಯದು.

ಅತ್ತಿಗೆ, ಆ ಮಾತ್ರೆಯ ಹೆಸರನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತವಳು. ಅಣ್ಣ ಅದನ್ನು ನುಂಗುವವರೆಗೆ ಅಮ್ಮ ತಟ್ಟೆಯ ಮುಂದಿನಿಂದ ಏಳುತ್ತಿರಲಿಲ್ಲ. ಹೊರಗೆ ಯಾರಿಗೂ ಹೇಳಬಾರದು, ತಿಳಿದರೆ ಇವನನ್ನು ಯಾರೂ ಕುದುರೆಯ ಹತ್ತಿರ ಬಿಡುವುದಿಲ್ಲ ಎಂದು ಅಪ್ಪ ನನ್ನಿಂದ ಆಣೆ ಹಾಕಿಸಿದ್ದರು. ಕುದುರೆ ಗೋಡೆಗೆ ಒತ್ತಿದ್ದು ಯಾರನ್ನು, ನಗುತ್ತಾ ಹಟ ಮಾಡಿದ್ದು ಯಾರು, ಗೋಡೆ ಆತು ನಡೆದದ್ದು ಯಾರು ಎಲ್ಲ ಒಟ್ಟಿಗೇ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅಂಚೆಯವನು ನಿಮ್ಮ ಕಾಗದ ತಂದ. ಗಂಟಲು ನೋವು ಎಂಬ ಎರಡು ಪದ ಓದಿದವಳೇ ಫೋನಿಗೆ ಓಡಿದೆ.

ಫೋನ್ ಎತ್ತಿದವರು ಮ್ಯಾನೇಜರೇ. ಅಣ್ಣನನ್ನು ಕರೆಯಿರಿ ಅಂದೆ. ಡಾಕ್ಟರು ಕುದುರೆಗೆ ಲಾಳ ಹೊಡೆಸುತ್ತಿದ್ದಾರೆ, ಆಮೇಲೆ ಮಾಡಿ ಅಂದರು. ನಿಮ್ಮನ್ನು ಕರೆಸಲು ಕೇಳಬಹುದಿತ್ತು. ಏನಾದರೂ ಸುಳ್ಳು ಹೇಳಿ ಅಣ್ಣನನ್ನು ಅಲ್ಲಿಂದ ಹೊರಡಿಸಬಹುದಿತ್ತು. ನನಗೆ ಯಾವ ಸುಳ್ಳೂ ಹೊಳೆಯಲಿಲ್ಲ. “ಆ ಸೀಸೆ ಮೀಸೆದಲ್ಲ, ನಮ್ಮಣ್ಣಂದು. ಈಗಲೇ ಆಸ್ಪತ್ರೆಗೆ ಹಾಕಿ” ಅಂದೆ. ಫಿಟ್ಸ್ ಮಾತ್ರೆಯ ವಿಷಯವನ್ನೂ ಹೇಳಿದೆ. ಅದೂ ರಕ್ತಕ್ಕೆ ಕೈ ಹಾಕಬಲ್ಲ ಔಷಧಿ, ಎರಡೂ ಸೇರಿ ಏನು ಮಾಡಿವೆಯೋ ಎಂದು ಅಲ್ಲಿನ ಡಾಕ್ಟರಿಗೆ ಗೊತ್ತಾಗಲೇಬೇಕಿತ್ತು. ಮ್ಯಾನೇಜರ್, “ಫಿಟ್ಸ್ ಅಂದ್ರಾ?” ಎಂದು ಕೇಳಿದರು. ಆ ಪ್ರಶ್ನೆಯಲ್ಲೇ ಅಣ್ಣನ ಕೆಲಸ ಹೋಯಿತೆಂದು ನನಗೆ ತಿಳಿಯಿತು.

ನೀವು ನನ್ನನ್ನು ಕ್ಷಮಿಸದಿದ್ದರೆ ಬೇಡ. ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡೆವು, ಬಿಳಿ ರಕ್ತಕಣ ಇಲ್ಲವೆನ್ನುವಷ್ಟಾಗಿತ್ತು. ಇನ್ನೊಂದೆರಡು ದಿನ ತಡವಾಗಿದ್ದರೆ ಆ ಬೆಂಚಿನ ಮೇಲೆ ಕೂರುವ ಕೆಲಸವೂ ಇರುತ್ತಿರಲಿಲ್ಲ.

ಆದರೆ ಮೀಸೆಯ ವಿಷಯದಲ್ಲಿ ನನಗೆ ನಿದ್ದೆ ಹತ್ತುತ್ತಿಲ್ಲ. ಸೀಸೆಯ ಮೇಲಿನ ಹೆಸರನ್ನು ನಂಬಿ, ಅದು ಅವನದೇ ಎಂದು ಖಾತ್ರಿ ಮಾಡಿಕೊಳ್ಳದೆ ಅವನ ಮೇಲೆ ಬರೆದವಳು ನಾನು. ಸ್ಯಾಂಪಲ್ ಯಾರದು ಎಂದು ಮೊದಲು ನೋಡು ಎಂಬುದು ನಾನು ಹೊಸಬರಿಗೆ ಕಲಿಸುವ ಮೊದಲ ಪಾಠ. ಕದ್ದುಮುಚ್ಚಿ ಪರೀಕ್ಷೆ ಮಾಡಿದ್ದಕ್ಕೆ ನಮ್ಮ ಲ್ಯಾಬಿನ ದೊಡ್ಡವರು ನನ್ನನ್ನು ಯಂತ್ರದಿಂದ ದೂರ ಕೂರಿಸಿದ್ದಾರೆ. ಸೀಸೆ ತೊಳೆಯುವ ಕೋಣೆಯ ಉಸ್ತುವಾರಿ ಈಗ. ಅದು ಹೋಗಲಿ. ಮೀಸೆ ನಿರ್ದೋಷಿ ಎಂದು ಸಹಿ ಹಾಕಿ ಮ್ಯಾನೇಜರಿಗೆ ಬರೆದಿದ್ದೇನೆ. ಅವನು ಈಗ ಎಲ್ಲಿದ್ದಾನೆ?

ಸಿಡುಕಿ

•

ಏಪ್ರಿಲ್ 7

ಅತ್ತಿಗೆ,

ಉತ್ತರ ಬರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ಅಣ್ಣ ಮನೆಗೆ ಹೋದ ಅಂದರು. ಲಾಯಕ್ಕೆ ಮಾಡಿದರೆ ಮ್ಯಾನೇಜರ್ ಎತ್ತಿ, ಆ ಮನೆಯಲ್ಲಿ ಈಗ ಹೊಸ ಡಾಕ್ಟರಿದ್ದಾರೆ ಅಂದರು. ಹೊಸ ವಿಳಾಸವನ್ನು ಲಾರಿಯ ಡ್ರೈವರನಿಂದ ಪಡೆದೆ. ಅವನು ಈ ಸಲ ತಮಾಷೆ ಮಾಡಲಿಲ್ಲ.

ಬೈದಾದರೂ ಬರೆಯಿರಿ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಸೀಸೆ ತೊಳೆಯುತ್ತಿರುವ ಕೈಯಲ್ಲೇ ಕಿಟಕಿಗೆ ಓಡುತ್ತೇನೆ. ಅವನೋ ಪಕ್ಕದ ಬೀದಿಗೆ ತಿರುಗಿಕೊಳ್ಳುತ್ತಾನೆ. ಅಣ್ಣ ಬೈದರೂ ಸರಿ. ಅವನು ಬೈದು ಎಷ್ಟು ಕಾಲವಾಯಿತು.

ಸಿಡುಕಿ

•

ಮೇ 6

ಪ್ರೀತಿಯ ಸಿಡುಕಿಗೆ,

ಬೈಯಬೇಕೆಂದೇ ಹಲವು ಸಲ ಕೂತೆ. ನಿನ್ನನ್ನು ಬೈಯಲು ಶುರುಮಾಡಿದರೆ ಎರಡನೇ ಸಾಲಿಗೇ ಅದು ನನ್ನ ಕಡೆ ತಿರುಗುತ್ತಿತ್ತು. ಹರಿದು ಎದ್ದುಬಿಡುತ್ತಿದ್ದೆ.

ನಿಮ್ಮಣ್ಣನ ರಕ್ತ ಸರಿಹೋಗುತ್ತಿದೆ. ಬಾಯಿಹುಣ್ಣು ಮಾಯ್ದು ಊಟ ರುಚಿಸುತ್ತಿದೆ. ನೋವು ಮಾತ್ರ ಹೋದದ್ದೆಲ್ಲ ಬಡ್ಡಿ ಸಮೇತ ವಾಪಸು ಬಂದಿದೆ. ಡಾಕ್ಟರು ಕೊಟ್ಟ ಮಾತ್ರೆ ಇದಕ್ಕೆ ಸಾಲದು, ಆದರೆ ಅದಕ್ಕಿಂತ ಹೆಚ್ಚಿಗೆ ಕೇಳುವುದಿಲ್ಲ. ನಾವೀಗ ಒಂದು ಬೇಕರಿಯ ಮೇಲಿನ ಒಂದೇ ಕೋಣೆಯಲ್ಲಿದ್ದೇವೆ. ನಾನು ಚರ್ಮದ ಚೀಲ ಹೊಲಿದು ಕೊಡುತ್ತಿದ್ದೇನೆ. ನಿಮ್ಮಣ್ಣ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಕೋಲೂರಿಕೊಂಡು ತಿರುಗುತ್ತಾರೆ. ಬೀದಿಯಲ್ಲಿ ಗಾಡಿಯ ಕುದುರೆ ಹೋದರೆ, “ಹಿಂದಿನ ಎಡಗಾಲು ನೋಯ್ತಿದೆ ಅದಕ್ಕೆ” ಎಂದು ಮೇಲಿನಿಂದಲೇ ಗಾಡಿಯವನಿಗೆ ಕೂಗುತ್ತಾರೆ. ಅವನು ಇವರನ್ನು ಹುಚ್ಚನೆಂದುಕೊಂಡು ಚಾಟಿ ಬೀಸಿಕೊಂಡು ಹೋಗುತ್ತಾನೆ.

ನಿನ್ನ ಮೇಲೆ ಸಿಟ್ಟಿಲ್ಲ ಅವರಿಗೆ. “ಸಿಡುಕಿ ಮಾಡಿದ್ದೇ ಸರಿ. ಆದ್ರೆ ಹಾಗಂತ ಬರೀಬೇಡ, ತಲೆ ಮೇಲೆ ಹತ್ತಿ ಕೂರ್ತಾಳೆ” ಅಂದರು. ಬರೆದುಬಿಟ್ಟಿದ್ದೇನೆ.

ಅವರಿಗೆ ಸಿಟ್ಟಿದ್ದದ್ದು ನನ್ನ ಮೇಲೆ. ಜಂತುಹುಳದ ಪರೀಕ್ಷೆಗೆ ಕುದುರೆಗಳ ಲದ್ದಿ ಹೋಗುತ್ತದೆ, ಅದರ ಜೊತೆ ನಿಮ್ಮ ಮೂತ್ರವನ್ನೂ ಕಳಿಸಿ ಸಕ್ಕರೆ ನೋಡಿಸೋಣ ಎಂದು ಅವರಿಂದ ಸೀಸೆ ತುಂಬಿಸಿದ್ದೆ. ಯಾರ ಹೆಸರು ಬರೆದೆ ಎಂದು ಅವರಿಗೆ ಹೇಳಿರಲಿಲ್ಲ. ಮೀಸೆಯನ್ನು ಅಂಗಳದಲ್ಲಿ ನಿಲ್ಲಿಸಿದಾಗ ಅವರು ಹೊರಗಿನ ತೋಟದಲ್ಲಿದ್ದರು. ಬಂದಾಗ, ಯಾಕೆ ಕಳಿಸಿದರು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಎಂದವಳು ಅವರಿಗೆ ಉಪ್ಪುನೀರು ಬಾಯಿ ಮುಕ್ಕಳಿಸಲು ಕೊಟ್ಟೆ. ಬಾಯಿ ತೆರೆದಿದ್ದರೆ ಇವರ ಕೆಲಸ ಹೋಗುತ್ತಿತ್ತು. ಮುಚ್ಚಿಕೊಂಡದ್ದಕ್ಕೆ ಇವರೇ ಹೋಗುವುದರಲ್ಲಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ನಿನ್ನ ಜೊತೆ ಮಾತಾಡದೆ ಕೂತದ್ದು ಸಿಟ್ಟಿಗಲ್ಲ. ನೀನು ಮೀಸೆಯ ವಿಷಯ ಕೇಳುತ್ತೀಯ ಎಂಬ ಹೆದರಿಕೆಗೆ.

ಮನೆಗೆ ಬಂದ ಮೇಲೆ ಇವರಿಗೆ ಎಲ್ಲ ಹೇಳಿದೆ. ಕಿಟಕಿಗೆ ಒರಗಿಸಿದ್ದ ಕೋಲನ್ನು ಕೈಗೆತ್ತಿಕೊಂಡರು. ಆಮೇಲೆ, “ಚಪ್ಪಲಿ ಹಾಕ್ಕೋ, ಹೋಗೋಣ” ಅಂದರು.

ಮೀಸೆ ಒಂದು ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದ. ಮೊದಲು ಅವನ ಗುರುತೇ ಸಿಗಲಿಲ್ಲ. ಮೀಸೆ ಬೋಳಿಸಿದ್ದ. ಪುಡಿ ಕಳ್ಳ ಮೀಸೆ ಎಂದು ಎಲ್ಲೆಲ್ಲೂ ಸುದ್ದಿಯಾಗಿ, ಕುದುರೆ ಇರುವ ಯಾವ ಜಾಗದಲ್ಲೂ ಸೇರಿಸಿಕೊಳ್ಳಲಿಲ್ಲವಂತೆ. ನಿನ್ನ ಕಾಗದ ತಲುಪಿದ ಮೇಲೆ ಮ್ಯಾನೇಜರ್ ವಾಪಸು ಬಾ ಎಂದು ಹೇಳಿ ಕಳಿಸಿದ್ದರು. ಇವನೇ ಹೋಗಲಿಲ್ಲ. ಟ್ರಂಕು ತೆರೆಸಿದ ಅಂಗಳಕ್ಕೆ ಮತ್ತೆ ಕಾಲಿಡಲಾರೆ ಅಂದ.

ನಿಮ್ಮಣ್ಣ ಅವನ ಎದುರು ಕೈಮುಗಿದರು. ಅವನು ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ಇವರನ್ನು ಒಂದು ಮೂಟೆಯ ಮೇಲೆ ಕೂರಿಸಿದ. ಸೊಂಟ ಹೇಗಿದೆ ಎಂದು ಕೇಳಿದ. ಕಂದು ಕುದುರೆಯ ಮರಿ ಹುಲ್ಲು ಕಚ್ಚಲು ಶುರುಮಾಡಿತಾ ಎಂದು ಕೇಳಿದ. ಆಮೇಲೆ ಅವನು ನನ್ನ ಕಡೆ ತಿರುಗಿದ. ಸೀಸೆಯ ಮೇಲೆ ನಿನ್ನ ಹೆಸರು ಬರೆದದ್ದು ನಾನೇ ಎಂದು ಹೇಳಿದೆ.

“ಹೆಸರು ಬೇಕಿದ್ರೆ ಒಂದು ಮಾತು ಕೇಳ್ಬೋದಿತ್ತಲ್ಲಮ್ಮಾ,” ಅಂದ. “ಡಾಕ್ಟ್ರಿಗೋಸ್ಕರ ಅಂದಿದ್ರೆ ನಾನು ಬೇಡ ಅಂತಿದ್ನಾ?”

ಅಷ್ಟೇ ಅಂದದ್ದು. ಲಾರಿ ಬಂತೆಂದು ಯಾರೋ ಕರೆದರು, ಹೋದ.

ವಾಪಸು ಬರುವಾಗ ನಿಮ್ಮಣ್ಣ ಒಂದು ಗೋಡೆ ಹಿಡಿದು ನಿಂತು, “ನಿಜವಾಗ್ಲೂ ಹೆಸರು ಕೊಡ್ತಿದ್ನಾ ಅವನು?” ಎಂದು ಕೇಳಿದರು. ಕೊಡುತ್ತಿದ್ದ ಅಂದೆ. ಸಿಡುಕಿ, ಅವನು ಕೊಡುತ್ತಿರಲಿಲ್ಲ ಎನ್ನುವಂತಿದ್ದರೆ, ಅಲ್ಲಿಂದ ಬಂದ ಮೇಲೆ ನಾನು ಕೂತಲ್ಲಿ ಕೂತು ಒಂದು ಚೀಲವನ್ನಾದರೂ ಹೊಲಿದು ಮುಗಿಸುತ್ತಿದ್ದೆ.

ನಿನ್ನ ಅತ್ತಿಗೆ